ಒಂದೇ ಥರ ಕಾಣೋ ಚಿಟ್ಟೆಗಳನ್ನ ರೆಕ್ಕೆ ನೋಡಿ ಕಂಡುಹಿಡಿಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಸ್ಕ್ರೀನ್ ಮೇಲೆ ಎರಡು ಫೋಟೋ ಇದೆ, ಸ್ವಲ್ಪ ಹೊತ್ತು ಸುಮ್ನೆ ನೋಡಿ. ಎರಡೂ ಕಿತ್ತಳೆ ಬಣ್ಣ, ಎರಡಕ್ಕೂ ಮುಂದಿನ ರೆಕ್ಕೆ ತುದಿ ಕಪ್ಪು, ಆ ಕಪ್ಪಿನ ಮಧ್ಯ ಓರೆಯಾಗಿ ಒಂದು ಬಿಳಿ ಪಟ್ಟಿ. ಎಡಗಡೆ ಇರೋದು ಪ್ಲೇನ್ ಟೈಗರ್, ಬಲಗಡೆದು ಡನೈಡ್ ಎಗ್‌ಫ್ಲೈ ಹೆಣ್ಣು. ಬೇರೆ ಬೇರೆ ಜಾತಿ ಅಷ್ಟೇ ಅಲ್ಲ, ಕುಲಾನೇ ಬೇರೆ.

ಬಣ್ಣ ನೋಡ್ಕೊಂಡು ಹೆಸರು ಹೇಳೋಕೆ ಹೋದ್ರೆ ಇಲ್ಲಿ ಕೆಲಸ ಆಗಲ್ಲ. ಹಿಂದಿನ ರೆಕ್ಕೆಗೆ ಬನ್ನಿ.

[ಹಿಂದಿನ ರೆಕ್ಕೆ ಝೂಮ್]

ಪ್ಲೇನ್ ಟೈಗರ್‌ಗೆ ಇಲ್ಲಿ ನಟ್ಟನಡುವೆ ಮೂರು ಕಪ್ಪು ಚುಕ್ಕೆ ಇರುತ್ತೆ, ಗಂಡಾಗಿದ್ರೆ ಇನ್ನೊಂದು ಎಕ್ಸ್‌ಟ್ರಾ, ಅದರ ಮಧ್ಯ ಸ್ವಲ್ಪ ಬೆಳ್ಳಗಿರುತ್ತೆ, ನಿಜವಾಗ್ಲೂ ಅದು ಚುಕ್ಕೆ ಅಲ್ಲ, ಹೆಣ್ಣನ್ನ ಸೆಳೆಯೋಕೆ ವಾಸನೆ ಇಟ್ಕೊಂಡಿರೋ ಪುಟ್ಟ ಚೀಲ. ಎಗ್‌ಫ್ಲೈ ಹೆಣ್ಣಿಗೆ ಇರೋದು ಒಂದೇ ಚುಕ್ಕೆ, ಅದೂ ರೆಕ್ಕೆಯ ಮೇಲಂಚಿನ ಹತ್ತಿರ, ಎಷ್ಟೋ ಫೋಟೋದಲ್ಲಿ ಮುಂದಿನ ರೆಕ್ಕೆ ಅಡ್ಡ ಬಂದು ಅದೂ ಕಾಣಲ್ಲ. ಅಂದ್ರೆ ರೆಕ್ಕೆ ನಡುವೆ ಚುಕ್ಕೆ ಇಲ್ದೆ ಬರೀ ಕಿತ್ತಳೆ ಇದ್ರೆ ಡೌಟ್ ಪಡಿ. ಇನ್ನೂ ಗಟ್ಟಿ ಮಾಡ್ಕೋಬೇಕಾ, ಎದೆ ಭಾಗ ನೋಡಿ, ಪ್ಲೇನ್ ಟೈಗರ್‌ಗೆ ಕಪ್ಪು ಎದೆ ಮೇಲೆ ಬಿಳಿ ಚುಕ್ಕೆ ಎದ್ದು ಕಾಣುತ್ತೆ.

ಈ ವೇಷ ಯಾಕೆ ಅಂದ್ರೆ, ಪ್ಲೇನ್ ಟೈಗರ್ ಹುಳ ಎಕ್ಕದ ಜಾತಿಯ ಗಿಡ ತಿಂದು ಅದರ ವಿಷನ ಮೈಯಲ್ಲಿ ಉಳಿಸ್ಕೊಳ್ಳುತ್ತೆ, ಒಂದ್ಸಲ ಬಾಯಿಗೆ ಹಾಕ್ಕೊಂಡ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಬರಲ್ಲ. ಎಗ್‌ಫ್ಲೈಗೆ ಆ ವಿಷ ಇಲ್ಲ, ಬಣ್ಣ ಮಾತ್ರ ಕಾಪಿ. ಮಜಾ ಏನಂದ್ರೆ ಪ್ಲೇನ್ ಟೈಗರ್‌ನಲ್ಲೇ ಕಪ್ಪು ತುದಿ ಇಲ್ಲದ ಡೋರಿಪ್ಪಸ್ ಅನ್ನೋ ರೂಪ ಇದೆ, ಎಗ್‌ಫ್ಲೈ ಹೆಣ್ಣು ಅದನ್ನೂ ಬಿಟ್ಟಿಲ್ಲ, ಅದಕ್ಕೆ ಇನಾರಿಯಾ ಅಂತಾರೆ. ಗಂಡು ಎಗ್‌ಫ್ಲೈ ಮಾತ್ರ ಈ ನಾಟಕಕ್ಕೆ ಬರಲ್ಲ, ಅವನು ಕಪ್ಪು, ರೆಕ್ಕೆ ಮೇಲೆ ದೊಡ್ಡ ಬಿಳಿ ಮಚ್ಚೆ, ಸುತ್ತ ನೇರಳೆ ಹೊಳಪು, ಜೋಡಿಯಾಗಿ ನೋಡಿದ್ರೆ ಒಂದೇ ಜಾತಿ ಅಂತ ಯಾರೂ ಹೇಳಲ್ಲ.

ಸ್ಟ್ರೈಪ್ಡ್ ಟೈಗರ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ಅದೂ ಕಿತ್ತಳೆನೇ, ಆದ್ರೆ ನಾಲ್ಕೂ ರೆಕ್ಕೆಯ ನರಗಳ ಮೇಲೆ ದಪ್ಪ ಕಪ್ಪು ಗೆರೆ. ಅಮೆರಿಕದ ಮೊನಾರ್ಕ್ ಮತ್ತು ವೈಸ್‌ರಾಯ್ ಜೋಡೀನೂ ಹಂಗೇ ಈಜಿ, ವೈಸ್‌ರಾಯ್‌ಗೆ ಹಿಂದಿನ ರೆಕ್ಕೆಯಲ್ಲಿ ನರಗಳನ್ನ ಅಡ್ಡ ದಾಟೋ ಒಂದು ಕಪ್ಪು ಗೆರೆ ಇರುತ್ತೆ, ಮೊನಾರ್ಕ್‌ಗೆ ಇರಲ್ಲ. ಬಹಳ ಕಾಲ ವೈಸ್‌ರಾಯ್‌ನ ಬರೀ ನಕಲಿ ಅನ್ಕೊಂಡಿದ್ರು, 1991ರಲ್ಲಿ ಬಂದ ಸಂಶೋಧನೆ ಹಕ್ಕಿಗಳಿಗೆ ಅದರ ರುಚೀನೂ ಆಗಲ್ಲ ಅಂತ ತೋರಿಸ್ತು.

ಈಗ ನನಗೆ ತುಂಬಾ ಇಷ್ಟ ಆಗೋ ಕೇಸ್, ಕಾಮನ್ ಮಾರ್ಮನ್.

[ಒಂದೇ ಜಾತಿಯ ಮೂರು ಹೆಣ್ಣು, ಅಕ್ಕಪಕ್ಕ]

ಇದರ ಹೆಣ್ಣು ಮೂರು ರೂಪದಲ್ಲಿ ಸಿಗುತ್ತೆ. ಒಂದು ಗಂಡಿನ ಥರಾನೇ. ಎರಡನೇದು ಕಾಮನ್ ರೋಸ್ ಅನ್ನೋ ಬೇರೆ ಚಿಟ್ಟೆ ಥರ, ಹಿಂದಿನ ರೆಕ್ಕೆ ನಡುವೆ ಬಿಳಿ, ಅಂಚಲ್ಲಿ ಕೆಂಪು. ಮೂರನೇದು ಕ್ರಿಮ್ಸನ್ ರೋಸ್ ಥರ, ಅದಕ್ಕೆ ಬಿಳಿ ಪಟ್ಟಿ ಮುಂದಿನ ರೆಕ್ಕೆಯಲ್ಲಿ, ಹಿಂದಿನದರಲ್ಲಿ ಬರೀ ಕೆಂಪು ಮಚ್ಚೆ. ಡಬಲ್‌ಸೆಕ್ಸ್ ಅನ್ನೋ ಒಂದೇ ಜೀನ್ ಈ ಆಟ ಆಡ್ಸುತ್ತೆ ಅಂತ 2014ರಲ್ಲಿ ಗೊತ್ತಾಯ್ತು. ಹಾಗಾಗಿ ಬಿಳಿ ಎಲ್ಲಿದೆ ಅಂತ ನೋಡಿದ್ರೆ ಯಾವ ರೋಸ್ ಥರ ಇದೆ ಅನ್ನೋದು ಗೊತ್ತಾಗುತ್ತೆ, ಅದು ರೋಸೇನಾ ಅನ್ನೋದು ಗೊತ್ತಾಗಲ್ಲ. ರೆಕ್ಕೆ ಬಗ್ಗೆ ವಿಡಿಯೋ ಮಾಡ್ತಾ ಹೀಗೆ ಹೇಳೋದು ವಿಚಿತ್ರ, ಆದ್ರೂ ಇಲ್ಲಿ ರೆಕ್ಕೆ ಬಿಟ್ಟು ಹೊಟ್ಟೆ ನೋಡಿ: ಕೆಂಪಿದ್ರೆ ರೋಸ್, ಕಪ್ಪಿದ್ರೆ ಮಾರ್ಮನ್.

ಇನ್ನು ತಲೆ ತಿನ್ನೋರು, ಸಣ್ಣವರು. ಹುಲ್ಲಿನ ಮೇಲೆ ಹಾರೋ ಹಳದಿಗಳು, ಗ್ರಾಸ್ ಯೆಲ್ಲೋ. ಕೂತಾಗ ರೆಕ್ಕೆ ಮುಚ್ಕೊಂಡೇ ಇರ್ತಾವೆ, ಅದೇ ನಮಗೆ ಅನುಕೂಲ, ಯಾಕಂದ್ರೆ ಗುರುತು ಇರೋದು ಅಡಿಭಾಗದಲ್ಲೇ. ಮುಂದಿನ ರೆಕ್ಕೆ ಬುಡದಿಂದ ಮಧ್ಯದ ತನಕ ನರಗಳ ನಡುವೆ ಒಂದು ಉದ್ದನೆ ಜಾಗ ಇರುತ್ತಲ್ಲ, ಅದನ್ನ ಸೆಲ್ ಅಂತಾರೆ. ಅದರೊಳಗೆ ಸಣ್ಣ ಗುರುತು ಎಷ್ಟಿದೆ ಎಣಿಸಿ, ಎರಡಿದ್ರೆ ಸಾಮಾನ್ಯವಾಗಿ ಕಾಮನ್ ಗ್ರಾಸ್ ಯೆಲ್ಲೋ, ಮೂರಿದ್ರೆ ಥ್ರೀ ಸ್ಪಾಟ್ ಗ್ರಾಸ್ ಯೆಲ್ಲೋ. ಗ್ರಾಸ್ ಬ್ಲೂ ಅನ್ನೋ ಪುಟ್ಟ ನೀಲಿ ಚಿಟ್ಟೆಗಳಿಗೂ ಅದೇ ಜಾಗ ನೋಡಿ. ಪೇಲ್ ಮತ್ತು ಡಾರ್ಕ್ ಗ್ರಾಸ್ ಬ್ಲೂಗೆ ಮುಂದಿನ ರೆಕ್ಕೆ ಸೆಲ್ ಒಳಗೆ ಒಂದು ಚುಕ್ಕೆ ಇದೆ, ಲೆಸ್ಸರ್‌ಗೆ ಆ ಜಾಗ ಖಾಲಿ. ಕಾಳಷ್ಟು ಚಿಟ್ಟೆ, ಅದರಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆ, ಬರಿಗಣ್ಣಿಗೆ ಕಷ್ಟಾನೇ, ಫೋಟೋ ತೆಗೆದು ದೊಡ್ಡದು ಮಾಡಿ ನೋಡೋದೇ ವಾಸಿ.

ಇಷ್ಟಾದ್ರೂ ಎಡವಟ್ಟು ಮಾಡೋದು ಎರಡು ವಿಷಯ. ಒಂದು, ವಯಸ್ಸಾದ ಚಿಟ್ಟೆ. ರೆಕ್ಕೆ ಬಣ್ಣ ಎಲ್ಲಾ ಇರೋದು ಆ ಪುಡಿಯಂಥ ಹುರುಪೆಯಲ್ಲಿ, ಅದು ಉದುರ್ತಾ ಹೋದಂಗೆ ಕಪ್ಪು ಕಂದಾಗುತ್ತೆ, ನೀಲಿ ಮಂಕಾಗುತ್ತೆ, ಆದ್ರೆ ಚುಕ್ಕೆ ಇದ್ದ ಜಾಗ ಬದಲಾಗಲ್ಲ. ಎರಡು, ಸೀಸನ್. ಕಾಮನ್ ಈವ್ನಿಂಗ್ ಬ್ರೌನ್‌ಗೆ ಮಳೆಗಾಲದಲ್ಲಿ ರೆಕ್ಕೆ ಅಡಿಯಲ್ಲಿ ಸಾಲಾಗಿ ಕಣ್ಣಿನ ಗುರುತು ಇರುತ್ತೆ, ಒಣ ಕಾಲದ ರೂಪದಲ್ಲಿ ಅವೇ ಚುಕ್ಕೆಯಷ್ಟಾಗ್ತವೆ ಇಲ್ಲಾ ಮಾಯಾನೇ ಆಗ್ತವೆ, ಪೂರ್ತಿ ಒಣಗಿದೆಲೆ ಬಣ್ಣ. ಅದಕ್ಕೇ ಫೋಟೋ ಜೊತೆ ತಿಂಗಳೂ ಬರೆದಿಡಿ.

ಫೋಟೋ ತೆಗೆಯೋವಾಗ ಮೇಲ್ಭಾಗ ಒಂದು, ಬಗ್ಗಿ ಪಕ್ಕದಿಂದ ಅಡಿಭಾಗ ಒಂದು, ಎರಡೂ ಬೇಕು. ಮೇಲ್ಭಾಗದ್ದು ಒಂದೇ ಸಿಕ್ಕಿದೆ, ಅದೂ ಗ್ರಾಸ್ ಬ್ಲೂ ಅಂದ್ರೆ, ಬರೀ ಗ್ರಾಸ್ ಬ್ಲೂ ಅಂತ ಬರೆದು ಬಿಟ್ಬಿಡಿ.