ಡಿಸೆಂಬರಿನ ಕೇಕು, ಜೂನಿನ ಖರ್ಚು

ಕೇಳುಗರೆ, ನಮಸ್ಕಾರ.

ಡಿಸೆಂಬರಿನ ಕೊನೆಯ ವಾರ ಚರ್ಚು ನಡೆಸುವ ಯಾವ ಮಕ್ಕಳ ಮನೆಗೆ ಹೋದರೂ ಕೇಕು ತಿಂದು ಮುಗಿಯುವುದಿಲ್ಲ. ಒಂದೇ ಸಂಜೆ ಮೂರು ತಂಡ ಬಂದು, ಹಾಡಿ, ಸ್ವೆಟರು ಹಂಚಿ ಹೋಗುತ್ತವೆ. ಅದೇ ಮನೆಗೆ ಜೂನ್ ಮೊದಲ ವಾರ ಹೋಗಿ ನೋಡಿ. ಫೀಸು, ಸಮವಸ್ತ್ರ, ಕೊಡೆ, ನೋಟ್‌ಬುಕ್ಕು ಎಲ್ಲವೂ ಒಟ್ಟಿಗೆ ಬಂದು ಕೂತಿರುತ್ತವೆ. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಲು ಹಣವಿರಲಿಲ್ಲವಾದ್ದರಿಂದ ಮಲಗುವ ಕೋಣೆಯಲ್ಲಿ ಎರಡು ಕಡೆ ಬಕೆಟ್ ಇಟ್ಟಿರುತ್ತಾರೆ. ದಿನಸಿ ಅಂಗಡಿಯ ಉದ್ರಿ ಬೆಳೆದಿರುತ್ತದೆ. ಕೊಡುವವರಿಗೆ ಮನಸ್ಸಾಗುವ ತಿಂಗಳು ಒಂದು, ಮಕ್ಕಳಿಗೆ ಬೇಕಾಗುವ ತಿಂಗಳು ಇನ್ನೊಂದು.

ಈ ಮನೆಗಳ ಹಣದ ದಾರಿ ಹಳೆಯದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರವರೆಗಿನ ಕ್ಷಾಮ, ಸಾವಿರಾರು ಮಕ್ಕಳನ್ನು ತಬ್ಬಲಿ ಮಾಡಿದಾಗ ಮಿಷನ್ನುಗಳು ಅವರಲ್ಲಿ ಅನೇಕರನ್ನು ಸೇರಿಸಿಕೊಂಡವು. ಖರ್ಚಿಗೆ ಹಡಗಿನಲ್ಲಿ ಬರುವ ದುಡ್ಡೇ ಆಧಾರ. 1959ರಲ್ಲಿ ಜರ್ಮನಿಯ ಡುಯಿಸ್‌ಬುರ್ಗಿನಲ್ಲಿ ಹುಟ್ಟಿದ ಕಿಂಡರ್‌ನೋಟ್‌ಹಿಲ್ಫೆ ಎಂಬ ನೆರವಿನ ಸಂಸ್ಥೆ ಭಾರತದ ಮಕ್ಕಳಿಂದಲೇ ಕೆಲಸ ಶುರುಮಾಡಿತು. ಅಲ್ಲಿನ ಒಂದು ಕುಟುಂಬ ಇಲ್ಲಿನ ಒಂದು ಮಗುವಿಗೆ ತಿಂಗಳು ತಿಂಗಳು ಕಳಿಸುವ ಕ್ರಮ ಅದು. ಹಾಗೆ ಬರುವ ಹಣದ ಅಭ್ಯಾಸದಲ್ಲಿ ಊರಿನ ಸಭೆ, ಅಂದರೆ ಚರ್ಚಿನ ಸದಸ್ಯರ ಸಮುದಾಯ, ತನ್ನ ಜೇಬು ಮುಟ್ಟಿ ನೋಡುವುದನ್ನೇ ಮರೆಯಿತು ಎಂದರೆ ಹಿರಿಯರು ಬೇಸರಪಡಬಾರದು.

ಆ ದಾರಿ ಈಗ ಕಿರಿದಾಗಿದೆ. ಹೊರದೇಶದಿಂದ ಬರುವ ದಾನವನ್ನು ನಿಯಂತ್ರಿಸುವ ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದ ಮೇಲೆ ಹಣ ಮೊದಲು ಇಳಿಯಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಆಡಳಿತದ ಖರ್ಚಿನ ಮಿತಿ 50ರಿಂದ ಶೇಕಡ 20ಕ್ಕೆ ಇಳಿಯಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು, ನೋಂದಣಿ ಇರುವ ಸಂಸ್ಥೆ ಕೂಡ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಡಯಾಸಿಸ್, ಅಂದರೆ ಬಿಷಪ್ಪರ ಆಡಳಿತದ ಪ್ರಾಂತ, ಪಡೆದ ಹಣ ಬೇರೆ ಸೊಸೈಟಿಯಾಗಿ ನೋಂದಾಯಿಸಿಕೊಂಡ ಮಕ್ಕಳ ಮನೆಗೆ ಹೋಗಲಾರದು. ಆದ್ದರಿಂದ ಹೊಸ ಮನೆ ತೆರೆಯುವವರು ಮೊದಲು ಕೇಳಿಕೊಳ್ಳಬೇಕಾದದ್ದು, ಇದು ಡಯಾಸಿಸಿನದೇ ಘಟಕವೋ, ಸ್ವತಂತ್ರ ಸಂಸ್ಥೆಯೋ ಎಂದು. ಕಟ್ಟಡ ಎದ್ದ ಮೇಲೆ ಕೇಳಿದರೆ ತಡವಾಯಿತು.

ಇಲ್ಲಿ ಪದೇ ಪದೇ ಆಗುವ ಎರಡು ತಪ್ಪುಗಳಿವೆ. ಒಂದು, ಚರ್ಚಿನ ಬೆಳೆಹಬ್ಬದ ಹರಾಜಿನಂಥ ಸ್ಥಳೀಯ ದುಡ್ಡನ್ನು ವಿದೇಶಿ ವಂತಿಗೆಯ ಖಾತೆಗೆ ಕಟ್ಟಿಬಿಡುವುದು. ಸ್ಥಳೀಯ ಹಣ ಅಲ್ಲಿ ಬೆರೆಯಲೇಬಾರದು. ಇನ್ನೊಂದು, ಪರದೇಶದಲ್ಲಿರುವ ನಮ್ಮವರ ಹಣ. ದುಬೈಯಲ್ಲೋ ಕುವೈತಿನಲ್ಲೋ ಇರುವ ಮಂಗಳೂರಿನವರ ಬಳಿ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆಯಲ್ಲ. ಕೆನಡಾದ ಪೌರತ್ವ ಪಡೆದು ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಗುರುತು) ಇಟ್ಟುಕೊಂಡಿರುವ ಅವರದೇ ಅಣ್ಣ ಕಳಿಸಿದರೆ ಅದು ವಿದೇಶಿ ವಂತಿಗೆ. ಮನೆತನ ಒಂದೇ, ಖಾತೆ ಬೇರೆ. ರಸೀದಿಯ ಜೊತೆ ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಂಡರೆ ಲೆಕ್ಕ ಪರಿಶೋಧಕರ ಮುಂದೆ ತಡವರಿಸಬೇಕಿಲ್ಲ.

ಈಗ ಮನೆಯೊಳಗಿನ ಲೆಕ್ಕ. 25 ಮಕ್ಕಳ ಮನೆ ಎಂದಿಟ್ಟುಕೊಳ್ಳೋಣ. ಇಂಥ ಮನೆಗಳಿಗೆ ಅನ್ವಯಿಸುವ ಬಾಲನ್ಯಾಯ ಕಾಯ್ದೆಯ ಮಾದರಿ ನಿಯಮದಲ್ಲಿ ಒಂದು ಮಗುವಿಗೆ ದಿನಕ್ಕೆ 600 ಗ್ರಾಂ ಧಾನ್ಯ, ಅದರಲ್ಲಿ ಕನಿಷ್ಠ 100 ಗ್ರಾಂ ಗೋಧಿ, ರಾಗಿ ಅಥವಾ ಜೋಳ. ಬೇಳೆಕಾಳು 120 ಗ್ರಾಂ, ಎಣ್ಣೆ 25 ಗ್ರಾಂ. ಅಂದರೆ ದಿನಕ್ಕೆ 15 ಕಿಲೋ ಧಾನ್ಯ, 3 ಕಿಲೋ ಬೇಳೆ. ತಿಂಗಳಿಗೆ ನಾಲ್ಕೂವರೆ ಕ್ವಿಂಟಾಲ್ ಧಾನ್ಯ, 90 ಕಿಲೋ ಬೇಳೆ. ಮಾಡಲಾಗದ ಕೆಲಸವೇನಲ್ಲ. ಮನೆಮನೆಯಲ್ಲಿ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ಎತ್ತಿಡುವ ರೂಢಿ ಎಷ್ಟೋ ಸಭೆಗಳಲ್ಲಿತ್ತು. ಹಿಡಿಗೆ 50 ಗ್ರಾಂ ಎಂದರೂ 100 ಮನೆಗಳಿಂದ ತಿಂಗಳಿಗೆ ಒಂದೂವರೆ ಕ್ವಿಂಟಾಲ್ ಆಗುತ್ತದೆ. ಅಕ್ಕಿ ಮಾತ್ರ ತುಂಬಿ ಬೇಳೆ ಬಾರದಿರುವುದು ಇದರ ತೊಂದರೆ. ಹಾಗಾಗಿ ಒಂದೊಂದು ಬೀದಿಗೆ ಒಂದೊಂದು ಸಾಮಾನು ಗೊತ್ತುಮಾಡುವುದು ಒಳ್ಳೆಯದು.

ಊಟಕ್ಕೆ ಕೊಡುವವರು ಸಿಗುತ್ತಾರೆ. ನೋಡಿಕೊಳ್ಳುವವರ ಸಂಬಳಕ್ಕೆ ಸಿಗುವುದಿಲ್ಲ. ವಾರಕ್ಕೆ 168 ಗಂಟೆ. ಒಬ್ಬರಿಂದ ನ್ಯಾಯವಾಗಿ ತೆಗೆದುಕೊಳ್ಳಬಹುದಾದ ದುಡಿಮೆ 48 ಗಂಟೆ. ಭಾಗಿಸಿ ನೋಡಿ: ಹಗಲೂ ರಾತ್ರಿ ಒಬ್ಬ ಗೃಹಮಾತೆ ಎಚ್ಚರವಾಗಿರಬೇಕಾದರೆ ಮೂರೂವರೆ ಜನ ಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಇರುವುದು ಒಬ್ಬರೇ, ಅವರೂ ‘ಸೇವೆ’ ಎಂಬ ಹೆಸರಿನಲ್ಲಿ ಅರ್ಧ ಸಂಬಳಕ್ಕೆ. ದಣಿದವರು ರಾತ್ರಿ ನಿದ್ದೆ ಹೋಗುತ್ತಾರೆ. ದೊಡ್ಡವರು ಚಿಕ್ಕವರನ್ನು ಹಿಂಸಿಸುವುದು ಆ ಹೊತ್ತಿನಲ್ಲಿ, ಅದಕ್ಕಿಂತ ಕೆಟ್ಟದ್ದು ಆಗುವುದೂ ಆ ಹೊತ್ತಿನಲ್ಲೇ. ಆದಮೇಲೆ ಸಭೆಯ ಮರ್ಯಾದೆ ಎಂದು ಮುಚ್ಚಿಡಲು ಹೋದರೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ ಪೋಕ್ಸೋ ಕಾಯ್ದೆಯಡಿ ಮುಚ್ಚಿಟ್ಟದ್ದೇ ಇನ್ನೊಂದು ಅಪರಾಧ.

ಈ ಸಂಬಳಕ್ಕೆ ಮೂಲನಿಧಿಯ, ಅಂದರೆ ಅಸಲು ಮುಟ್ಟದೆ ಠೇವಣಿಯಿಟ್ಟ ಹಣದ, ಬಡ್ಡಿಯೇ ಸರಿಯಾದ ಮೂಲ. ಮೂರೂವರೆ ಜನಕ್ಕೆ ತಲಾ 15,000 ರೂಪಾಯಿ ಹಿಡಿದರೆ ತಿಂಗಳಿಗೆ 52,500, ವರ್ಷಕ್ಕೆ 6,30,000. ಶೇಕಡ 7ರ ಬಡ್ಡಿ ಎಂದುಕೊಂಡರೆ 90 ಲಕ್ಷದ ಠೇವಣಿ ಬೇಕು. ಆದರೆ ಬಡ್ಡಿಯೆಲ್ಲವನ್ನೂ ತಿಂದರೆ ಹತ್ತು ವರ್ಷದಲ್ಲಿ ಬೆಲೆಯೇರಿಕೆ ಆ ನಿಧಿಯನ್ನು ಒಳಗಿಂದ ತಿನ್ನುತ್ತದೆ. ಬಡ್ಡಿಯ ಏಳು ಪಾಲಿನಲ್ಲಿ ಎರಡು ಪಾಲು ಮತ್ತೆ ಅಸಲಿಗೆ ಸೇರಿಸಿ ಐದು ಪಾಲು ಬಳಸುವುದಾದರೆ 1 ಕೋಟಿ 26 ಲಕ್ಷದ ಠೇವಣಿ ಬೇಕು. ಈ ಮೊತ್ತ ಕೇಳಿ ಎದೆ ಝಲ್ಲೆನ್ನುವ ಸಮಿತಿಗಳೇ ಹೊಸ ಕಟ್ಟಡಕ್ಕೆ ಅಷ್ಟೇ ಮೊತ್ತವನ್ನು ಸಲೀಸಾಗಿ ಕೂಡಿಸುತ್ತವೆ. ಕಟ್ಟಡಕ್ಕೆ ಅಡಿಗಲ್ಲಿನ ಮೇಲೆ ಹೆಸರು ಕೆತ್ತಿಸಬಹುದು, ಸಂಬಳಕ್ಕೆ ಎಲ್ಲಿ ಕೆತ್ತಿಸುವುದು!

ಸರ್ಕಾರದ ನೆರವೂ ಇದೆ. ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಡಿ ಮಂಜೂರಾದ ಮನೆಗಳಿಗೆ ಒಂದು ಮಗುವಿಗೆ ತಿಂಗಳಿಗೆ 3,000 ರೂಪಾಯಿ ನಿರ್ವಹಣಾ ಅನುದಾನ. ಅನುದಾನ ಹಸಿವೆಯ ಹೊತ್ತಿಗೆ ಸರಿಯಾಗಿ ಬರುವಂಥದ್ದಲ್ಲ. ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡವರು ಮಾತ್ರ ಅದನ್ನು ನೆಚ್ಚಬಹುದು.

ದಾನಿಗಳನ್ನು ಒಲಿಸಲು ಮಕ್ಕಳ ಫೋಟೋ ಹಾಕಿದ ಕ್ಯಾಲೆಂಡರು ಅಚ್ಚುಹಾಕಿಸುವವರು ಇನ್ನೂ ಇದ್ದಾರೆ. ರಕ್ಷಣೆಯಲ್ಲಿರುವ ಮಗುವಿನ ಗುರುತು ಬಯಲು ಮಾಡುವುದಕ್ಕೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ನಿನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ವಾಟ್ಸಾಪ್ ಗುಂಪಿಗೆ ಹಾಕಿದ ಕ್ರಿಸ್‌ಮಸ್ ಚಿತ್ರವೂ ಇದರಿಂದ ಹೊರತಲ್ಲ. ಮುಖದ ಬದಲು ಲೆಕ್ಕ ಕಳಿಸಿ. ಈ ತಿಂಗಳು ಇಷ್ಟು ಹಾಲು, ಇಷ್ಟು ಔಷಧಿ, ಇಷ್ಟು ಬಾಕಿ ಎಂಬ ಒಂದು ಹಾಳೆ ಸಾಕು. ತಿಂಗಳಿಗೆ 500 ರೂಪಾಯಿ ಬ್ಯಾಂಕಿನಿಂದ ತಾನಾಗಿ ಕಡಿತವಾಗುವಂತೆ ಬರೆದುಕೊಟ್ಟ 100 ಜನ, ಡಿಸೆಂಬರಿನಲ್ಲಿ ಒಮ್ಮೆ ಬರುವ 1,000 ಜನರಿಗಿಂತ ಮೇಲು. ತೆರಿಗೆ ವಿನಾಯಿತಿ ಬೇಕಾದವರಿಗೆ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಅದು ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ.

ಮನೆ ದೊಡ್ಡದು ಮಾಡಬೇಕೆನ್ನುವವರಿಗೆ ಎರಡು ಮಾತು. ನೋಂದಣಿಯಿಲ್ಲದೆ ಮಕ್ಕಳ ಮನೆ ನಡೆಸುವುದಕ್ಕೆ ಒಂದು ವರ್ಷದವರೆಗೆ ಸಜೆ, ಇಲ್ಲವೆ 1 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ‘ನಮ್ಮದು ಬರೀ ಬೋರ್ಡಿಂಗ್’ ಎಂಬ ಹಳೆಯ ಉತ್ತರವನ್ನು ನೆಚ್ಚಿಕೊಂಡು ಕೂರಬೇಡಿ. ಪಾಲನೆಯೂ ರಕ್ಷಣೆಯೂ ಬೇಕಾದ ಮಕ್ಕಳಿರುವ ಎಲ್ಲ ಮನೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟು 2017ರ ಮೇ ತಿಂಗಳಲ್ಲಿ ಹೇಳಿ, ವರ್ಷದ ಕೊನೆಯ ಗಡುವನ್ನೂ ಕೊಟ್ಟಿತ್ತು. ಸಭಾಪಾಲಕರು ಹಳ್ಳಿಯಿಂದ ಕರೆತಂದರೂ, ಸಿಸ್ಟರುಗಳು ಬಸ್‌ಸ್ಟ್ಯಾಂಡಿನಿಂದ ಎತ್ತಿಕೊಂಡು ಬಂದರೂ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ದತ್ತು ಕೊಡುವ ಅಧಿಕಾರ ಮಕ್ಕಳ ಮನೆ ನಡೆಸುವವರಿಗಿಲ್ಲ. ಮಲಗಲು 25 ಮಕ್ಕಳಿಗೆ 1,000 ಚದರ ಅಡಿ ಜಾಗ ಬೇಕು. ತಲೆಗೆ 40 ಚದರ ಅಡಿ. ಇಟ್ಟ ಮಂಚಗಳ ಸಂಖ್ಯೆ ನೋಡಬೇಡಿ, ಟೇಪು ಹಿಡಿದು ಅಳೆಯಿರಿ.

ಇನ್ನೊಂದು, ಈ ಮನೆಗಳಲ್ಲಿರುವ ಎಷ್ಟೋ ಮಕ್ಕಳಿಗೆ ತಾಯಿಯೋ ಅಜ್ಜಿಯೋ ಇದ್ದಾರೆ. ಬಡತನ ಮಾತ್ರ ಕಾರಣವಾದರೆ ಮಗುವಿಗೆ ಬೇಕಾದದ್ದು ಮಂಚವಲ್ಲ. ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000 ರೂಪಾಯಿ ವರಮಾನ ಮೀರದ, ವಿಧವೆಯ ಮನೆಯಂಥ ಕಷ್ಟದ ಕುಟುಂಬದ ಮಗುವಿಗೆ ಸರ್ಕಾರದ ಪ್ರಾಯೋಜಕತ್ವ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ವರಮಾನ ಪತ್ರ, ಬ್ಯಾಂಕ್ ಖಾತೆ, ಶಾಲೆಯ ದಾಖಲೆ ಓಡಾಡಿ ಮಾಡಿಸಿಕೊಡುವ ಒಬ್ಬ ಸಮಾಜ ಕಾರ್ಯಕರ್ತೆಯನ್ನು ಸಭೆ ನೇಮಿಸಿಕೊಂಡರೆ, ಒಂದು ಇಟ್ಟಿಗೆಯೂ ಇಡದೆ ಮನೆ ವಿಸ್ತರಿಸಿದಂತಾಯಿತು.

ಕೊನೆಗೆ, 18 ತುಂಬುವವರು. ಬಾಲನ್ಯಾಯ ಕಾಯ್ದೆಯಲ್ಲಿ 21ರವರೆಗೆ ಅನುಪಾಲನೆಗೆ, ಅಂದರೆ ಮನೆ ಬಿಟ್ಟ ಮೇಲಿನ ಆಸರೆಗೆ, ಅವಕಾಶವಿದೆ. 16ಕ್ಕೇ ಪ್ರತಿಯೊಬ್ಬರ ಹೆಸರಿನಲ್ಲಿ ಒಂದು ಫೈಲು ತೆರೆಯಬೇಕು: ಆಧಾರ್, ಜನನ ಪತ್ರ, ಜಾತಿ ಮತ್ತು ವರಮಾನ ಪತ್ರ, ಪಾಸ್‌ಬುಕ್, ಅಂಕಪಟ್ಟಿ. ಮನೆ ಬಿಟ್ಟ ಮೇಲೆ ತಹಸೀಲ್ದಾರರ ಕಚೇರಿಗೆ ಒಬ್ಬಂಟಿಯಾಗಿ ಅಲೆಯುವುದು ಅವರಿಗೆ ತಪ್ಪಲಿ. ನಾಲ್ಕೈದು ಹುಡುಗರಿಗೆ ಐಟಿಐ ಹತ್ತಿರ ಒಂದು ಬಾಡಿಗೆ ಮನೆ, ಮೊದಲ ಸಂಬಳ ಬರುವವರೆಗೆ ಊಟದ ಖರ್ಚು, ಇಷ್ಟನ್ನು ಬಜೆಟ್ಟಿನಲ್ಲಿ ಬರೆದಿಡಿ. ಹಾಗೆಯೇ ಹಳೆಯ ಕಟ್ಟಡದಲ್ಲಿ ಒಂದು ಕೋಣೆ ಖಾಲಿಯಿರಲಿ. ಕೆಲಸಕ್ಕೆ ಹೋದ ಮಕ್ಕಳು ಡಿಸೆಂಬರಿನಲ್ಲಿ ರಜೆ ಸಿಕ್ಕಾಗ ಬಂದು ಉಳಿಯಲು ಅವರಿಗೆ ಬೇರೆ ಮನೆ ಇರುವುದಿಲ್ಲ.

ನಮಸ್ಕಾರ.