ಖಾಲಿ ವರಾಂಡದ ಭಯ

ಕೇಳುಗರೇ, ನಮಸ್ಕಾರ. ಇವತ್ತು ಒಂದು ಹಳೇ ಭಯದ ಸಿನಿಮಾ ಬಗ್ಗೆ ಮಾತಾಡ್ತೀನಿ. 'ಹ್ಯಾಲೋವೀನ್ 2'. 1981ರದ್ದು. ಬಿಳಿ ಮುಖವಾಡದ ಮೈಕಲ್ ಮೈಯರ್ಸ್ ಚಾಕು ಹಿಡಿದು ಬರುವ ಕಥೆಯ ಎರಡನೇ ಭಾಗ. ಮೊದಲನೆಯದು 1978ರಲ್ಲಿ ಬಂದಿತ್ತು.

ಎರಡನೇ ಭಾಗ ಅಂದರೆ ಸಾಮಾನ್ಯವಾಗಿ 'ಕೆಲವು ವರ್ಷಗಳ ನಂತರ' ಅಂತ ಶುರುವಾಗುತ್ತೆ, ಅಲ್ವಾ? ಇಲ್ಲಿ ಹಾಗಿಲ್ಲ. ಅದೇ ರಾತ್ರಿ, ಅದೇ ಊರು. ಮೊದಲ ಭಾಗದಲ್ಲಿ ಮೈಕಲ್ ಕೈಯಿಂದ ಗಾಯಗೊಂಡು ಬದುಕುಳಿದ ಹುಡುಗಿ ಲೋರಿಯನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ಮೈಕಲ್ ಕೂಡ ಹಿಂದೆಯೇ ಬರುತ್ತಾನೆ. ಆದರೆ ಆ ಆಸ್ಪತ್ರೆಯಲ್ಲಿ ಜನವೇ ಇಲ್ಲ! ಮೊದಲ ಸಲ ನೋಡಿದಾಗ ನಾನು ನಂಬಿರಲಿಲ್ಲ.

ಆಮೇಲೆ ಒಮ್ಮೆ ಅಮ್ಮನ ಜೊತೆ ತುಮಕೂರಿನ ಆಸ್ಪತ್ರೆಯಲ್ಲಿ ಮೂರು ರಾತ್ರಿ ಕಳೆದೆ. ಪಾವಗಡ, ಶಿರಾ, ಮಧುಗಿರಿ ಕಡೆಯಿಂದ ಬಂದವರು ವರಾಂಡದ ತುಂಬಾ ಚಾಪೆ ಹಾಸಿಕೊಂಡು, ಬಟ್ಟೆ ಗಂಟನ್ನೇ ತಲೆದಿಂಬು ಮಾಡಿಕೊಂಡು, ಪಕ್ಕದಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಮಲಗಿದ್ದರು. ಕಾಲಿಡಲು ಜಾಗವಿಲ್ಲ. ರಾತ್ರಿ ಎರಡು ಗಂಟೆಗೆ ಬಿಸಿನೀರು ತರಲು ಹೋದವಳು ದಾರಿ ತಪ್ಪಿ ಹಳೇ ಕಟ್ಟಡದ ಕಡೆ ತಿರುಗಿದೆ. ಅಲ್ಲಿ ಯಾರೂ ಇಲ್ಲ. ಒಂದೇ ಒಂದು ಟ್ಯೂಬ್‌ಲೈಟ್ ಗುಂಯ್ ಅನ್ನುತ್ತಿತ್ತು. ಇಪ್ಪತ್ತು ಹೆಜ್ಜೆಗೇ ಬೆನ್ನು ಬೆವೆತಿತ್ತು. ಆಗ ಈ ಸಿನಿಮಾದ ಶಕ್ತಿ ಗೊತ್ತಾಯಿತು.

ಛಾಯಾಗ್ರಾಹಕ ಡೀನ್ ಕಂಡೀ ಆ ಖಾಲಿಯನ್ನೇ ತೋರಿಸುತ್ತಾರೆ. ಒಂದು ದೃಶ್ಯದಲ್ಲಿ ನರ್ಸ್ ಲೋರಿಯನ್ನು ಕಂಡು ಕರೆಯುತ್ತಾಳೆ, ಮೈಕಲ್ ಸದ್ದಿಲ್ಲದೆ ಅವಳ ಹಿಂದೆ ಬಂದು ಚುಚ್ಚಿ, ಒಂದೇ ಕೈಯಲ್ಲಿ ಮೇಲಕ್ಕೆತ್ತುತ್ತಾನೆ. ಕಾಲಿನ ಶೂ ಕಳಚಿ ನೆಲಕ್ಕೆ ಬೀಳುತ್ತವೆ. ಆ ಶೂಗಳು ನನಗೆ ಇವತ್ತಿಗೂ ಮರೆತಿಲ್ಲ.

ಸೋಲುವುದು ಎಲ್ಲಿ? ಲೋರಿಯ ಪಾತ್ರ ಮಾಡಿದ ಜೇಮಿ ಲೀ ಕರ್ಟಿಸ್‌ರಂಥ ನಟಿಯನ್ನು ಸುಮ್ನೆ ಮಂಚದ ಮೇಲೆ, ಔಷಧಿಯ ಮಂಪರಿನಲ್ಲಿ ಮಲಗಿಸಿಬಿಡುತ್ತಾರೆ. ರಕ್ತವೂ ಜಾಸ್ತಿ. ನಿರ್ದೇಶಕ ರಿಕ್ ರೋಸೆಂತಾಲ್ ಮುಗಿಸಿದ ಮೇಲೆ, ಕಥೆ ಬರೆದವರಲ್ಲೊಬ್ಬರಾದ ಜಾನ್ ಕಾರ್ಪೆಂಟರ್ ಇನ್ನಷ್ಟು ರಕ್ತದ ದೃಶ್ಯಗಳನ್ನು ಚಿತ್ರೀಕರಿಸಿ ಸೇರಿಸಿದರು. ಮೊದಲ ಭಾಗದಲ್ಲಿ ರಕ್ತ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ, ಆದರೂ ಎದೆ ನಡುಗುತ್ತೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಲೋರಿ ಮೈಕಲ್‌ನ ತಂಗಿ ಅಂತ ಹೇಳಿಬಿಡುತ್ತಾರೆ. ಮೊದಲ ಭಾಗದಲ್ಲಿ ಅವನು ಯಾಕೆ ಕೊಲ್ಲುತ್ತಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅವನು ನಿಮ್ಮ ಮನೆಗೂ ಬರಬಹುದಿತ್ತು, ನಮ್ಮ ಮನೆಗೂ ಬರಬಹುದಿತ್ತು. ತಂಗಿ ಅಂದ ಕೂಡಲೇ ಅದು ಅವರ ಮನೆಯ ವಿಷಯವಾಯಿತು. ನಾವು ಪಾರಾದೆವು.

2018ರಲ್ಲಿ ಬಂದ ಭಾಗ ಈ ತಂಗಿ ಕಥೆಯನ್ನು ಪೂರ್ತಿ ಕೈಬಿಟ್ಟಿತು. ಖುಷಿಯಾಯಿತು. ಆದರೆ ಜೊತೆಗೆ ಆ ಆಸ್ಪತ್ರೆಯ ರಾತ್ರಿಯನ್ನೂ ಕೈಬಿಟ್ಟರು. ಅದೊಂದು ನನಗೆ ಬೇಜಾರು.