ಕ್ಯಾಲೆಂಡರ್ ಹಿಂದೆ ಬರೆದ ಜ್ವರದ ಲೆಕ್ಕ

ಈ ಕ್ಯಾಲೆಂಡರ್ ಹಾಳೆ ನೋಡಿ, ಜುಲೈ ತಿಂಗಳದ್ದು. ಹಿಂದೆ ಗೀಚಿರುವುದು ನಮ್ಮ ಪುಟ್ಟಿಯ ಜ್ವರದ ಲೆಕ್ಕ. ಬೆಳಿಗ್ಗೆ 6ರದ್ದು ಮಾವ ಬರೆದದ್ದು, ರಾತ್ರಿ 10ರದ್ದು ನಾನು.

ಶಿರಸಿ ಮಳೆ ಗೊತ್ತಲ್ವಾ, ಆಗ ಮಕ್ಕಳಿಗೆ ಜ್ವರ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾವೂ ಕಷಾಯ, ಪ್ಯಾರಾಸಿಟಮಾಲ್ ಅಂತ ನಾಲ್ಕು ದಿನ ತಳ್ಳಿದೆವು. ಐದನೇ ದಿನ ಹೊಟ್ಟೆನೋವು, ನಾಲಿಗೆ ಮೇಲೆ ಬಿಳಿ ಪದರ. ಡಾಕ್ಟರ್ ಟೈಫಾಯ್ಡ್‌ಗೆ ಮಾಡುವ ವಿಡಾಲ್ ಟೆಸ್ಟ್ ಒಂದನ್ನೇ ನಂಬದೆ, ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಸಿ, ಆಮೇಲೆ ಆಂಟಿಬಯಾಟಿಕ್ ಸಿರಪ್ ಬರೆದರು. ರಿಪೋರ್ಟ್ ಬಂತು, ಟೈಫಾಯ್ಡ್. ವಾಂತಿ ಇಲ್ಲ, ಸ್ವಲ್ಪ ತಿನ್ನುತ್ತಾಳೆ, ಹಾಗಾಗಿ ಮನೆಯಲ್ಲೇ ನೋಡಿಕೊಳ್ಳಿ, ಆದರೆ ಒಮ್ಮೆ ಮನೆಯವರೆಲ್ಲ ಬನ್ನಿ ಅಂದರು.

ಹೋದೆವು. "ಪಥ್ಯ ಅಂದರೆ ಬರೀ ಗಂಜಿ ತಾನೆ?" ಅಂದರು ಅತ್ತೆ. "ಗಂಜಿ ಕೊಡಿ ಅಮ್ಮ, ಬೇಳೆ ಕಟ್ಟು, ಇಡ್ಲಿ, ಬಾಳೆಹಣ್ಣೂ ಕೊಡಿ, ಉಪವಾಸ ಮಾತ್ರ ಕೆಡವಬೇಡಿ." ಮಗುವಿಗೆ ಕಕ್ಕಸು ತೊಳೆಸಿದವರು ಸೋಪು ಹಾಕಿ ಕೈ ತೊಳೆಯದೆ ಅಡುಗೆಮನೆಗೆ ಕಾಲಿಡಬಾರದು ಅಂತಲೂ ಹೇಳಿದರು. ಮಾವನಿಗೆ ಮಾತ್ರ ಡಾಕ್ಟರ್ ನಮ್ಮ ಬಾವಿ ನೀರಿನ ಮೇಲೆ ಅನುಮಾನ ಪಟ್ಟದ್ದು ಸರಿ ಬರಲಿಲ್ಲ, ನಾನು ಹುಟ್ಟಿದಾಗಿಂದ ಕುಡಿಯುತ್ತಿದ್ದೇನೆ ಅಂದರು. ಪಾಯಿಖಾನೆ ಗುಂಡಿ ಬಾವಿಯಿಂದ ಎಷ್ಟು ದೂರ ಅಂತ ಡಾಕ್ಟರ್ ಕೇಳಿದರು. ಮಾವ ಸುಮ್ಮನಾದರು. ಮರುದಿನದಿಂದ ನೀರು ಕುದಿಸುವ ಕೆಲಸ ಅವರದ್ದೇ, ಬೇರೆ ಯಾರೂ ಮುಟ್ಟುವ ಹಾಗಿಲ್ಲ!

ಸಿರಪ್ ಶುರುವಾಗಿ ಮೂರು ದಿನವಾದರೂ ರಾತ್ರಿ 103. ಔಷಧ ನಾಟುತ್ತಿಲ್ಲ, ಹುಬ್ಬಳ್ಳಿಗೆ ಹೋಗೋಣ ಅಂತ ನಾನು ಅತ್ತುಬಿಟ್ಟೆ. ಡಾಕ್ಟರ್‌ಗೆ ಫೋನ್ ಮಾಡಿದರೆ, ಸರಿಯಾದ ಔಷಧ ಬಿದ್ದರೂ ಈ ಜ್ವರ ಇಳಿಯಲು 4ರಿಂದ 6 ದಿನ ಬೇಕು, ಹಾಳೆಯ ಫೋಟೋ ಕಳಿಸಿ ಅಂದರು. ಫೋಟೋ ತೆಗೆಯುವಾಗ ಕಂಡಿತು: ಮಾವನ ಸಾಲು 102, 101, 100.4 ಅಂತ ಇಳಿಯುತ್ತಲೇ ಇತ್ತು. ನಾನು ನನ್ನ ರಾತ್ರಿ ಸಾಲನ್ನಷ್ಟೇ ನೋಡುತ್ತಿದ್ದೆ.

ಹೊಟ್ಟೆ ಗಟ್ಟಿಯಾದರೆ, ಮಲದಲ್ಲಿ ರಕ್ತ ಬಂದರೆ, ಮಗು ಮಂಕಾಗಿ ಮಲಗಿಬಿಟ್ಟರೆ ಫೋನ್ ಗೀನ್ ಬೇಡ, ಸೀದಾ ಆಸ್ಪತ್ರೆಗೆ ಹೋಗಿ. ಜ್ವರ ಬಿಟ್ಟಿತು ಅಂತ ಸಿರಪ್ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದಷ್ಟು ದಿನವೂ ಕೊಡಿ. ಟೈಫಾಯ್ಡ್ ಕಾಂಜುಗೇಟ್ ಲಸಿಕೆ 6 ತಿಂಗಳು ತುಂಬಿದ ಮಗುವಿಗೇ ಹಾಕಿಸಬಹುದು, ನಾವು ಹಾಕಿಸಿರಲಿಲ್ಲ, ಅದು ನಮ್ಮದೇ ತಪ್ಪು.

ವಾಸಿಯಾದ ಮೇಲೂ ಕೆಲವು ವಾರದಲ್ಲಿ ಮರುಕಳಿಸಬಹುದು ಅಂತ ಕೇಳಿದ್ದೇ ಸೈ, ಮಾವ ಇನ್ನೂ ಬೆಳಿಗ್ಗೆ 6ಕ್ಕೆ ಥರ್ಮಾಮೀಟರ್ ಹಿಡಿದು ಬರುತ್ತಾರೆ. ಪುಟ್ಟಿ ಒಂದು ಚಕ್ಕುಲಿ ಕೈಗೆ ಬರುವ ತನಕ ತೋಳು ಎತ್ತುವುದಿಲ್ಲ.